ಪುಸ್ತಕದ ಬೆನ್ನಿಗೆ ಆಡಿನ ತೊಗಲು

ಬಸವಕಲ್ಯಾಣದ ಆ ಗೃಹಸ್ಥರು ಬಿಳಿ ಧೋತರದ ತುಂಡಿನಲ್ಲಿ ಸುತ್ತಿ ತಂದಿದ್ದ ಗಂಟನ್ನು ನನ್ನ ಮುಂದಿನ ಶಹಾಬಾದ್ ಕಲ್ಲಿನ ಮೇಲಿಟ್ಟು ಬಿಚ್ಚಿದರು. ಪುಸ್ತಕಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು ಪುಡಿ. ಬಟ್ಟೆಯ ಮಡಿಕೆಗಳಲ್ಲಿ, ಅವರ ಅಂಗಿಯ ತೋಳಿನ ಮೇಲೆ, ಹೆಬ್ಬೆರಳಿನ ಗೆರೆಗಳಲ್ಲಿ ಎಲ್ಲ ಕಡೆ ಅದೇ.

“ಕುಂಕುಮ ರೀ,” ಅಂದರು. “ನಮ್ಮ ಮುತ್ಯಾನ ಕಾಲದಿಂದ ಜಗಲಿ ಮ್ಯಾಲೆ ಇಟ್ಟು ಪೂಜಾ ಮಾಡ್ಲತ್ತೀವಿ. ಹಚ್ಚಿದ್ದೆಲ್ಲಾ ಬೆನ್ನಾಗ ಕೂತು ಈಗ ಉದುರ್ಲತ್ತದ.”

ಚಿಟಿಕೆ ಪುಡಿ ತಗೊಂಡು ತಿಕ್ಕಿ ನೋಡಿದೆ. ಕುಂಕುಮ ನುಣ್ಣಗೆ ಜಾರುತ್ತದೆ, ಅದಕ್ಕೆ ಅರಿಸಿನದ ಘಮ ಇರುತ್ತದೆ. ಇದು ಇಟ್ಟಿಗೆ ಧೂಳಿನ ಹಾಗೆ ಗರಗರ ಅನ್ನುತ್ತಿತ್ತು. “ಇದು ಕುಂಕುಮ ಅಲ್ರಿ, ತೊಗಲು,” ಅಂದೆ. ಅವರು ನನ್ನ ಮುಖ ನೋಡಿದರು. ಮೂರು ತಲೆಮಾರು ಹಣೆಗೊತ್ತಿಕೊಂಡದ್ದು ಆಡಿನ ಚರ್ಮದ ಪುಡಿ ಅಂತ ಅಂಗಡಿಯವನು ಹೇಳಿದರೆ ಯಾರು ತಾನೇ ತಟ್ಟನೆ ಒಪ್ಪುತ್ತಾರೆ?

ಅದು ಅಚ್ಚಾದ ವಚನ ಪುಸ್ತಕ. ಶೀರ್ಷಿಕೆಯ ಪುಟ ಹರಿದುಹೋಗಿತ್ತು. ಹಾಳೆ ಅಂಚಿನಲ್ಲಿ ಕಂದಿತ್ತು, ಆದರೆ ಅಕ್ಷರ ಇನ್ನೂ ಕರ್ರಗಿತ್ತು. ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗ ಪ್ರಕಟಿಸಿದ್ದು 1923ರಲ್ಲಿ. ಆಮೇಲಿನ ಎರಡು ಮೂರು ದಶಕಗಳಲ್ಲಿ ನಮ್ಮ ಕಡೆಯ ಅನುಕೂಲಸ್ಥ ಮನೆಗಳು ಇಂಥ ಪುಸ್ತಕ ತರಿಸಿ ಗಟ್ಟಿ ರಟ್ಟು, ತೊಗಲಿನ ಬೆನ್ನು ಕಟ್ಟಿಸಿ ಇಡುತ್ತಿದ್ದವು. ಕಟ್ಟಿದವನು ಕೆಲಸ ಬಲ್ಲವನು. ಐದು ಹುರಿಯ ಮೇಲೆ ಹೊಲಿದಿದ್ದ, ಹೊಲಿಗೆ ಒಂದೆಡೆಯೂ ಸಡಿಲಿರಲಿಲ್ಲ. ಹೋಗಿದ್ದು ತೊಗಲು ಮಾತ್ರ.

ನನ್ನ ಅಂಗಡಿ ಹುಮನಾಬಾದಿನಲ್ಲಿ, ಮನೆ ಬಸವಕಲ್ಯಾಣದಲ್ಲಿ. ದಿನಾ ಮುಂಜಾನೆ ಸಸ್ತಾಪುರ ಬಂಗ್ಲಾಕ್ಕೆ ಬಂದು, ಹೈದರಾಬಾದ್ ಕಡೆಯ ಬಸ್ಸು ಸಿಕ್ಕರೆ ಅದು, ಇಲ್ಲವಾದರೆ ಟಂಟಂ ಹಿಡಿದು ಬರುತ್ತೇನೆ. ಅಂಗಡಿ ಅಂದರೆ ವೀರಭದ್ರೇಶ್ವರ ಗುಡಿಯ ಕಡೆ ಹೋಗುವ ಗಲ್ಲಿಯಲ್ಲಿ ಒಂದು ಪತ್ರಾಸಿನ ಖೋಲಿ. ಪುಸ್ತಕ ಬಿಗಿಯುವ ಒಂದು ಶಿಕಂಜಾ, ಒಂದು ಕಲ್ಲು, ಅಂಟಿನ ಡಬ್ಬಿ, ತೊಗಲು ಕೊಯ್ಯುವ ಅಪ್ಪನ ರಂಪಿಗೆ. ನಾವು ಸಮಗಾರರು. ಅಪ್ಪ ಕೋಟೆ ರಸ್ತೆಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ನಾನು ಬಿ.ಎ. ಮುಗಿಸಿ ನೌಕರಿ ಸಿಗದೆ ಅಲೆಯುತ್ತಿದ್ದಾಗ ಹುಮನಾಬಾದಿನ ಒಬ್ಬ ಮುದುಕ ಜಿಲ್ದ್‌ಸಾಜ್‌ರ, ಅಂದರೆ ಪುಸ್ತಕ ಕಟ್ಟುವವರ, ಹತ್ತಿರ ಕೆಲಸಕ್ಕೆ ನಿಂತೆ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು, ನಾನು ಚಾಚಾ ಅನ್ನುತ್ತಿದ್ದೆ. ಅಪ್ಪ ಏನು ಮಾಡುತ್ತಾನೆ ಅಂತ ಕೇಳಿದರು. ಹೇಳಿದೆ. “ಹಂಗಾದ್ರ ಅರ್ಧ ಕೆಲಸ ನಿನಗ ಬಂದೇ ಅದ, ಬೇಟಾ. ರಂಪಿಗೆ ಹಿಡಿಯೋದು ಕಲಿಸೋದು ಉಳೀತು,” ಅಂದರು.

ಅವರು ಹೇಳಿದಷ್ಟು ಸುಲಭವಿರಲಿಲ್ಲ. ಚಪ್ಪಲಿಯ ಅಟ್ಟೆಗೆ ಎಮ್ಮೆಯ ತೊಗಲು ನಾಲ್ಕೈದು ಮಿಲಿಮೀಟರ್ ದಪ್ಪ ಬೇಕು. ಪುಸ್ತಕಕ್ಕೆ ಹಾಕುವ ಆಡಿನ ತೊಗಲು ಒಂದು ಮಿಲಿಮೀಟರ್ ಮೀರಬಾರದು, ಅಂಚಿನಲ್ಲಿ ಕಾಗದದಷ್ಟು ತೆಳ್ಳಗಾಗಬೇಕು. ಅಪ್ಪನ ಕೈ ತೊಗಲನ್ನು ಕೊಯ್ಯಲು ಪಳಗಿತ್ತು. ನಾನು ಹೆರೆಯುವುದನ್ನು ಕಲಿಯಬೇಕಿತ್ತು. ಮೊದಲ ವರ್ಷ ನಾನು ತೂತು ಮಾಡಿದ ತೊಗಲುಗಳನ್ನೆಲ್ಲ ಚಾಚಾ ಕೂಡಿಟ್ಟು, ರಮಜಾನಿನ ಹೊತ್ತಿಗೆ ಮಕ್ಕಳ ಪರ್ಸು ಮಾಡಿ ಮಾರಿದರು.

ಆ ಕೆಂಪು ಪುಡಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅದರ ಬೇರು ನಮ್ಮ ಹೊಲದ ಬದುವಿನಲ್ಲೇ ಇದೆ.

ಹಸಿ ತೊಗಲು ಕೊಳೆಯುತ್ತದೆ. ಅದು ಕೊಳೆಯದಂತೆ ಮಾಡುವುದೇ ಹದ. ನಮ್ಮ ದಕ್ಷಿಣ ನಾಡಿನಲ್ಲಿ ಹದಕ್ಕೆ ಬಳಸುತ್ತಿದ್ದದ್ದು ತಂಗಡಿ ಗಿಡದ ತೊಗಟೆ, ಆ ಹಳದಿ ಹೂವಿನ ಗಿಡ. ಬಂಜರಿನಲ್ಲಿ, ರಸ್ತೆ ಬದಿಯಲ್ಲಿ ಯಾರೂ ಬಿತ್ತದೆ ಬೆಳೆಯುತ್ತದೆ. ನಮ್ಮ ಕಡೆ ಮರಾಠಿ ಮಾತಾಡುವವರು ಅದಕ್ಕೆ ತರವಡ ಅನ್ನುತ್ತಾರೆ. ತೊಗಟೆಯಲ್ಲಿರುವ ಒಗರು, ಅಂದರೆ ಟ್ಯಾನಿನ್, ತೊಗಲಿನ ಎಳೆಗಳಿಗೆ ಕಚ್ಚಿಕೊಂಡು ಅವು ಕೊಳೆಯದಂತೆ ಹಿಡಿಯುತ್ತದೆ. ಬಿಸಿಲಿಗೆ ಈ ತೊಗಲು ಕೆಂಪಾಗುತ್ತದೆ ಅಂತ ಕೊನೆಗೆ ಅಳಲೆಕಾಯಿಯ ನೀರಿನಲ್ಲಿ ಅದ್ದುತ್ತಿದ್ದರು. ಹೀಗೆ ಹದವಾದ ಆಡು, ಕುರಿಯ ತೊಗಲು ಮದರಾಸಿನಿಂದ ಹಡಗು ಹಡಗಾಗಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅಗ್ಗ, ಮೆತ್ತಗೆ, ನೋಡಲು ಚೆಂದ. ಅಲ್ಲಿನ ಬೈಂಡರುಗಳು ಅದಕ್ಕೆ ಬಣ್ಣ ಹಾಕಿ ಪುಸ್ತಕ ಹೊದಿಸಿದರು.

ಕೆಲವು ದಶಕದಲ್ಲೇ ಲಂಡನ್ನಿನ ಗ್ರಂಥಾಲಯಗಳಲ್ಲಿ ಪುಸ್ತಕದ ಬೆನ್ನುಗಳು ಪುಡಿಯಾಗತೊಡಗಿದವು. ಮುನ್ನೂರು ವರ್ಷದ ಹಿಂದಿನ ತೊಗಲು ಗಟ್ಟಿಯಾಗಿದೆ, ನಿನ್ನೆ ಮೊನ್ನೆಯದು ಯಾಕೆ ಉದುರುತ್ತಿದೆ? ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಒಂದು ಸಮಿತಿ ಮಾಡಿತು. 1901ರಲ್ಲಿ ವರದಿ ಬಂತು. ಒಗರಿನಲ್ಲಿ ಎರಡು ಜಾತಿ. ಸುಮಾಕ್ ಎಂಬ ಗಿಡದ ಎಲೆಯ ಒಗರು ಬಾಳಿಕೆ ಬರುತ್ತದೆ. ಇನ್ನೊಂದು ಜಾತಿಯದು ಗಾಳಿಯಲ್ಲಿರುವ ಗಂಧಕದ ಹೊಗೆಯನ್ನು ಹೀರಿ, ಒಳಗೇ ಆಮ್ಲವಾಗಿ, ತೊಗಲಿನ ಎಳೆಯನ್ನು ತಿನ್ನಲು ಬಿಟ್ಟುಬಿಡುತ್ತದೆ. ಈ ಎರಡನೆಯ ಜಾತಿಯಲ್ಲಿ ಬಲು ಬೇಗ ಕೆಡುವ ಸಾಲಿಗೆ ಸೇರಿದ್ದು ಟರ್ವರ್ ಅಂತ ವರದಿಯಲ್ಲಿ ಬರೆದ ತೊಗಟೆ. ನಮ್ಮ ತರವಡವೇ. ಕಾಲೇಜಿನ ಗ್ರಂಥಪಾಲಕರೊಬ್ಬರು ನನಗೆ ಇದನ್ನು ಓದಿ ಹೇಳಿದ ದಿನ ಬಸ್ಸಿನ ಕಿಟಕಿಯಿಂದ ಆ ಹಳದಿ ಹೂಗಳನ್ನು ನೋಡುತ್ತಾ ಮನೆಗೆ ಹೋದೆ. ನಮ್ಮ ಹಿರಿಯರು ಅದನ್ನು ಕಂಡುಕೊಂಡದ್ದು ಚಪ್ಪಲಿಗೆ, ಬಾವಿಯ ನೀರೆತ್ತುವ ತೊಗಲಿನ ಮೊಟ್ಟೆಗೆ. ಮೂರು ವರ್ಷದ ಸಾಮಾನಿಗೆ ಅದು ಸಾಕು. ನೂರು ವರ್ಷ ಬಾಳುತ್ತದೆ ಅಂತ ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಈ ಪುಸ್ತಕದ ಜಗಲಿಯ ಪಕ್ಕದಲ್ಲಿ ಕರೆಂಟು ಬರುವ ತನಕ ಸೀಮೆಎಣ್ಣೆಯ ಕಂದೀಲು ತೂಗುತ್ತಿತ್ತಂತೆ. ಸೀಮೆಎಣ್ಣೆಯ ಹೊಗೆಯಲ್ಲೂ ಗಂಧಕ ಇದೆ. ಪೂಜೆಯ ಜಾಗವೇ ತೊಗಲಿಗೆ ಮುಳುವಾಗಿತ್ತು. ಆದರೆ ಮುಂದಿನ ರಟ್ಟಿನ ಅಂಚಿನಲ್ಲಿ, ಹೆಬ್ಬೆರಳು ಊರುವ ಜಾಗದಲ್ಲಿ, ರೂಪಾಯಿ ಅಗಲದ ತೊಗಲು ಮಾತ್ರ ಇನ್ನೂ ಜೀವಂತವಿತ್ತು, ಎಣ್ಣೆ ಮೆತ್ತಿದ ಹಾಗೆ ಹೊಳೆಯುತ್ತಿತ್ತು. ನಾನು ಇದನ್ನು ಎಷ್ಟೋ ಹಳೆಯ ಪುಸ್ತಕಗಳಲ್ಲಿ ಕಂಡಿದ್ದೇನೆ. ಮುತ್ಯಾ ಪುಸ್ತಕವನ್ನು ಓದುತ್ತಿದ್ದ, ಆಮೇಲಿನವರು ಪೂಜಿಸುತ್ತಿದ್ದರು. ಅಷ್ಟನ್ನು ಆ ತೊಗಲೇ ಹೇಳುತ್ತಿತ್ತು.

ವಚನದ ಪುಸ್ತಕಕ್ಕೂ ತೊಗಲಿಗೂ ನಂಟು ಹಳೆಯದಲ್ಲ. ಕಲ್ಯಾಣದಲ್ಲಿ ಶರಣರು ಇದ್ದಾಗ ಪುಸ್ತಕ ಅಂದರೆ ಓಲೆಗರಿ. ಅದಕ್ಕೂ ಮೊದಲು ಇದೇ ಊರಿನಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದಾಗಲೂ ಅಷ್ಟೇ. ಗರಿಗೆ ತೂತು, ತೂತಿಗೆ ದಾರ, ಮೇಲೆ ಕೆಳಗೆ ಎರಡು ಮರದ ಹಲಗೆ. ಕಟ್ಟು ಅಂದರೆ ನಿಜವಾಗಿ ಕಟ್ಟುವುದೇ. ನಮ್ಮಲ್ಲಿ ಕಡತ ಅಂತ ಇನ್ನೊಂದು ಇತ್ತು. ಈಗ ಸರಕಾರಿ ಫೈಲಿಗೆ ಆ ಹೆಸರು. ಹಿಂದೆ ಕಡತವೆಂದರೆ ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಬಲಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಕಪ್ಪಗೆ ಗಡುಸಾದ ಮೇಲೆ ಹಿಂದೆ ಮುಂದೆ ಮಡಚಿ ಬಳಪದಿಂದ ಬರೆಯುತ್ತಿದ್ದರು. ಲೆಕ್ಕ ತಪ್ಪಿದರೆ ಒರೆಸಿ ಬರೆಯಬಹುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ. ಅದಕ್ಕೆ ಬೆನ್ನೇ ಇಲ್ಲ, ಹಾಗಾಗಿ ಬೆನ್ನು ಮುರಿಯುವ ಭಯವೂ ಇಲ್ಲ.

ಬೆನ್ನಿನ ತಾಪತ್ರಯ ಶುರುವಾದದ್ದು ಹಾಳೆಯನ್ನು ನಡುವೆ ಮಡಚಿ, ಮಡಿಕೆಯಲ್ಲಿ ಹೊಲಿದಾಗ. ಈಜಿಪ್ಟಿನ ನಾಗ್ ಹಮ್ಮಾದಿ ಎಂಬಲ್ಲಿ 1945ರಲ್ಲಿ ಒಂದು ಗಡಿಗೆಯೊಳಗೆ ಹದಿಮೂರು ಹೊತ್ತಿಗೆ ಸಿಕ್ಕವು. ನಾಲ್ಕನೇ ಶತಮಾನದವು, ತೊಗಲಿನ ಹೊದಿಕೆ, ಸುತ್ತಿ ಕಟ್ಟಲು ತೊಗಲಿನದೇ ಬಾರು. ಬ್ರಿಟಿಷ್ ಲೈಬ್ರರಿ 2012ರಲ್ಲಿ 90 ಲಕ್ಷ ಪೌಂಡು ಕೊಟ್ಟು ಕೊಂಡ ಸೇಂಟ್ ಕತ್‌ಬರ್ಟನ ಸುವಾರ್ತೆ ಅಂಗೈಯಗಲದ ಪುಸ್ತಕ. ಎಂಟನೇ ಶತಮಾನದ ಆರಂಭದಲ್ಲಿ ಕೆಂಪು ಬಣ್ಣದ ಆಡಿನ ತೊಗಲಿನಲ್ಲಿ ಕಟ್ಟಿದ್ದು ಇಂದಿಗೂ ಹಾಗೇ ಇದೆ. ಅದರ ಫೋಟೋ ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಗಿರಾಕಿಗಳು ಯಾವ ದೇವರು ಅಂತ ಕೇಳುತ್ತಾರೆ.

ನಮ್ಮ ಸೀಮೆಗೆ ತೊಗಲಿನ ಪುಸ್ತಕ ಬಂದದ್ದು ಕಾಗದದ ಜೊತೆ, ಸುಲ್ತಾನರ ಜೊತೆ. ಚಾಚಾಗೆ ಅದರ ಹೆಮ್ಮೆ ಬಹಳ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಅಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವು ಅನ್ನುತ್ತಾರೆ. “ಮೂರು ಸಾವಿರ ಕಿತಾಬ್ ಅಂದ್ರ ಎಷ್ಟು ಜಿಲ್ದ್‌ಸಾಜ್ ಕೂತಿರಬೇಕು, ಲೆಕ್ಕ ಹಾಕು,” ಅನ್ನುತ್ತಿದ್ದರು ಚಾಚಾ. 1696ರಲ್ಲಿ ಅಲ್ಲಿ ಮದ್ದು ಸಿಡಿದು ಮುಂಭಾಗವೇ ಕುಸಿಯಿತು, ಎರಡರಲ್ಲಿ ಒಂದು ಮಿನಾರು ಹೋಯಿತು. ಬಿಜಾಪುರದ ಆದಿಲ್‌ಶಾಹಿಗಳ ಪುಸ್ತಕಗಳಲ್ಲಿ ಆಸಾರ್ ಮಹಲಿನಲ್ಲಿ ಉಳಿದಿದ್ದವು 1853ರಲ್ಲಿ ಲಂಡನ್ನಿಗೆ ಸಾಗಿದವು. ಬೀದರಿನ ಕೈಚಳಕ ನೋಡಬೇಕೆಂದರೆ ಈಗ ಬಿದರಿಯ ಹೂಜಿ, ಹುಕ್ಕಾಗಳನ್ನೇ ನೋಡಬೇಕು. ನಡುವೆ ಒಂದು ಪದಕ, ನಾಲ್ಕು ಮೂಲೆಗೆ ಅದರ ಕಾಲುಭಾಗ, ಸುತ್ತ ಬಳ್ಳಿಯ ಅಂಚು ಎಂಬ ಏರ್ಪಾಟು ಇರಾನಿನ ಪುಸ್ತಕದ ಹೊದಿಕೆಯಲ್ಲೂ, ರತ್ನಗಂಬಳಿಯಲ್ಲೂ ಒಂದೇ. ಚಾಚಾನ ಹಿತ್ತಾಳೆ ಅಚ್ಚುಗಳಲ್ಲೂ ಅದೇ ಇತ್ತು.

ಆ ಪದ್ಧತಿಯ ಪುಸ್ತಕದ ಗುರುತು ಅದರ ನಾಲಿಗೆ. ಹಿಂದಿನ ರಟ್ಟಿನ ಅಂಚಿಗೆ ತೊಗಲಿನ ಒಂದು ಪಟ್ಟಿ, ಅದರ ತುದಿ ಮೂರು ಮೂಲೆ. ಪುಟಗಳ ಬಾಯನ್ನು ಮುಚ್ಚಿ ಮುಂದಿನ ರಟ್ಟಿನ ಕೆಳಗೆ ಸೇರಿಕೊಳ್ಳುತ್ತದೆ. ಧೂಳು ಒಳಗೆ ಹೋಗುವುದಿಲ್ಲ, ಗುರುತಿಗೂ ಆಗುತ್ತದೆ. ಬೆನ್ನು ಚಪ್ಪಟೆ, ಉಬ್ಬಿದ ಗೆರೆಗಳಿಲ್ಲ, ರಟ್ಟು ಪುಟದ ಅಳತೆಗೇ ಸರಿಯಾಗಿರುತ್ತದೆ. ಅಂಥ ಪುಸ್ತಕವನ್ನು ಮಲಗಿಸಿ ಇಡುತ್ತಿದ್ದರು. ವಿಲಾಯತಿ ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಅದಕ್ಕೇ ಅದರ ರಟ್ಟು ಪುಟಕ್ಕಿಂತ ಒಂದು ಗೆರೆ ದೊಡ್ಡದು, ಪುಟದ ಅಂಚು ಹಲಗೆಗೆ ತಾಗಬಾರದಲ್ಲ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಚಾಚಾ ಒಂದು ಉರ್ದು ಕಿತಾಬಿಗೆ ನಾಲಿಗೆ ಕೂಡಿಸಲು ಹೇಳಿದರು. ಉರ್ದು ಬಲದಿಂದ ಎಡಕ್ಕೆ ಅಂತ ಗೊತ್ತಿದ್ದೂ, ಕನ್ನಡದ ಕಣ್ಣಿಗೆ ಹಿಂದಿನ ರಟ್ಟು ಯಾವುದು ಅಂತ ಕಂಡಿತೋ ಅದಕ್ಕೇ ಕೂಡಿಸಿಬಿಟ್ಟೆ. ಸರೇಸ್ ಅಂಟು ಒಣಗಿತ್ತು. ಚಾಚಾ ಬಂದು ನೋಡಿದರು, ತಲೆ ಮೇಲೆ ಕೈಯಿಟ್ಟರು. “ಸಮಗಾರನ ಮಗ ಆಗಿ ಎಡದ ಚಪ್ಪಲ್ ಬಲದ ಕಾಲಿಗಿ ಹಾಕಿದಿ,” ಅಂದರು. ರಾತ್ರಿಯೆಲ್ಲ ಒದ್ದೆ ಬಟ್ಟೆ ಇಟ್ಟು ಬಿಡಿಸಿ ಮತ್ತೆ ಕೂಡಿಸಿದೆವು. ಆ ತಿಂಗಳ ಪಗಾರ ಪೂರ್ತಿ ಕೊಟ್ಟರು, ಅದನ್ನೂ ಹೇಳಬೇಕು.

ಆಗ ಕೆಲಸಕ್ಕೆ ಬರ ಇರಲಿಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಕಚೇರಿಯ ಬರವಣಿಗೆ ಉರ್ದು. 1948ರ ತನಕದ ದೊಡ್ಡ ದೊಡ್ಡ ರಿಜಿಸ್ಟರುಗಳಿಗೆ ತೊಗಲಿನ ಬೆನ್ನು, ತೊಗಲಿನ ಮೂಲೆ. ಚಾಚಾ ಹುಡುಗನಾಗಿದ್ದಾಗ ಕಲಿತದ್ದು ಅದನ್ನೇ. ನನ್ನ ಕಾಲಕ್ಕೆ ವಕೀಲರ ಕಾನೂನು ವರದಿಗಳು, ದಾಲ್ ಮಿಲ್ಲಿನವರ, ಅಡತಿಯವರ ಕಿರ್ದಿ–ಖಾತೆ ಪುಸ್ತಕಗಳು. ದೀಪಾವಳಿಗೆ ಹೊಸ ಖಾತೆ ಪೂಜೆ, ಅದಕ್ಕೆ ಹದಿನೈದು ದಿನ ಮೊದಲಿನಿಂದ ನಮಗೆ ನಿದ್ದೆ ಇಲ್ಲ. ಕೆಂಪು ಬಟ್ಟೆಯ ಉದ್ದ ಖಾತೆ ಬೇಕೆನ್ನುವವರು ಈಗಲೂ ಒಂದಷ್ಟು ಜನ ಇದ್ದಾರೆ, ಪೂಜೆಗೆ. ಲೆಕ್ಕ ಕಂಪ್ಯೂಟರಿನಲ್ಲಿ. ನನ್ನ ಹೊಟ್ಟೆ ತುಂಬಿಸುವುದು ಈಗ ಕಾಲೇಜಿನ ಪ್ರಾಜೆಕ್ಟುಗಳು, ಪಂಚಾಯತಿಯ ದಾಖಲೆಗಳು, ಎಲ್ಲ ರೆಕ್ಸಿನ್. ತೊಗಲಿನ ಕೆಲಸ ವರ್ಷಕ್ಕೆ ಐದಾರು ಬಂದರೆ ಹೆಚ್ಚು.

ಬಂದಾಗ ಹೇಗೆ ಮಾಡುತ್ತೇನೆ, ಹೇಳುತ್ತೇನೆ. ಮೊದಲು ಪುಸ್ತಕವನ್ನು ಫರ್ಮಾ ಫರ್ಮಾ ಬಿಚ್ಚಬೇಕು. ದೊಡ್ಡ ಹಾಳೆಯಲ್ಲಿ 16 ಪುಟ ಒಟ್ಟಿಗೆ ಅಚ್ಚಾಗಿ ಮಡಚಿದರೆ ಅದು ಒಂದು ಫರ್ಮಾ. ಚಾಚಾನ ಮಾತಿನಲ್ಲಿ ಜುಜ್. ಜುಜ್‌ಬಂದಿ ಅಂದರೆ ಮಡಿಕೆಯ ಒಳಗಿಂದ ಸೂಜಿ ಹಾಯಿಸಿ ಒಂದೊಂದನ್ನೂ ಹುರಿಗೆ ಹೊಲಿಯುವುದು. ದಾರಕ್ಕೆ ಜೇನುಮೇಣ ಎಳೆಯಬೇಕು, ಇಲ್ಲವಾದರೆ ಕಾಗದವನ್ನು ಗರಗಸದಂತೆ ಕೊಯ್ಯುತ್ತದೆ. ಇವತ್ತಿನ ಪುಸ್ತಕಗಳಿಗೆ ಮಡಿಕೆಯೇ ಇಲ್ಲ. ಬೆನ್ನು ಕತ್ತರಿಸಿ ಬಿಸಿ ಅಂಟು ಬಳಿದು ಕವರ್ ಹಚ್ಚುತ್ತಾರೆ. ನಾಲ್ಕು ಸಲ ಅಗಲಿಸಿ ಓದಿದರೆ ಹಾಳೆ ಕೈಗೆ ಬರುತ್ತದೆ. ಓದುವವರೇ ಕಡಿಮೆ ಅಂತ ಹಾಗೆ ಮಾಡುತ್ತಾರೋ ಏನೋ.

ಹೊಲಿದಾದ ಮೇಲೆ ಬೆನ್ನು ಉಬ್ಬಿರುತ್ತದೆ, ಮಡಿಕೆ ಮಡಿಕೆಗೂ ದಾರ ಕೂತಿರುತ್ತದಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ದುಂಡಗೆ ಮಾಡಿದರೆ ಆ ಉಬ್ಬು ಹಂಚಿಹೋಗುತ್ತದೆ. ಶಿಕಂಜಾದಲ್ಲಿ ಬಿಗಿದು ಅಂಟು. ನನ್ನ ಅಂಟು ಮೈದಾದ್ದು. ನೀರಿನಲ್ಲಿ ಗಂಟಾಗದಂತೆ ಕುದಿಸಿ, ಹುಳ ಬರದಿರಲಿ ಅಂತ ಚಿಟಿಕೆ ಮೈಲುತುತ್ತು. ಮಗ ಫೆವಿಕಾಲ್ ಹಚ್ಚು ಅನ್ನುತ್ತಾನೆ. ಮೈದಾ ಅಂಟನ್ನು ಐವತ್ತು ವರ್ಷದ ಮೇಲೆ ಯಾರಾದರೂ ನೀರು ಹಚ್ಚಿ ಬಿಡಿಸಬಹುದು. ನನ್ನ ಕೆಲಸವನ್ನು ಮುಂದೆ ಯಾರೋ ಬಿಚ್ಚಬೇಕಾಗುತ್ತದೆ, ಅವನು ನನ್ನನ್ನು ಬೈಯಬಾರದು.

ಇನ್ನು ತೊಗಲು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಕ್ರೋಮ್ ಹಾಕಿ ಹದ ಮಾಡಿದ್ದು. ಬ್ಯಾಗಿಗೆ, ಬೂಟಿಗೆ ಒಳ್ಳೆಯದು. ಪುಸ್ತಕಕ್ಕೆ ಹಟಮಾರಿ: ಮಡಚಿದರೆ ಎದ್ದು ನಿಲ್ಲುತ್ತದೆ, ಅಚ್ಚು ಒತ್ತಿದರೆ ಗುರುತು ಉಳಿಯುವುದಿಲ್ಲ. ಗಿಡದ ಒಗರಿನಿಂದ ಹದ ಮಾಡಿದ್ದನ್ನೇ ಹುಡುಕಿ ತರುತ್ತೇನೆ, ತಂಗಡಿ ತೊಗಟೆಯದಲ್ಲದ್ದು. ಅದನ್ನು ಶಹಾಬಾದ್ ಕಲ್ಲಿನ ಮೇಲೆ ಒಳಮೈ ಮೇಲಾಗಿ ಹಾಸಿ ರಂಪಿಗೆಯಿಂದ ಹೆರೆಯುತ್ತೇನೆ. ರಂಪಿಗೆ ಕಲ್ಲಿಗೆ ಮಲಗಿದಷ್ಟು ಓರೆಯಾಗಿರಬೇಕು. ಪುಡಿ ಬರಬಾರದು, ಎಳೆ ಎಳೆಯಾಗಿ ಸುರುಳಿ ಬರಬೇಕು. ಈ ಕೆಲಸ ಮಾಡುವಾಗ ಯಾರಾದರೂ ಮಾತಾಡಿಸಿದರೆ ನಾನು ಉತ್ತರ ಕೊಡುವುದಿಲ್ಲ, ಸೊಕ್ಕು ಅಂದುಕೊಳ್ಳುತ್ತಾರೆ.

ರಟ್ಟಿಗೆಲ್ಲ ತೊಗಲು ಹೊದಿಸಬೇಕೆಂದಿಲ್ಲ. ಪುಸ್ತಕದಲ್ಲಿ ದುಡಿಯುವುದು ಒಂದೇ ಜಾಗ, ರಟ್ಟು ಮತ್ತು ಬೆನ್ನು ಕೂಡುವ ಸಂದು. ಬಾಗಿಲಿಗೆ ತಿರುಗಣೆ ಇದ್ದ ಹಾಗೆ. ಸಾವಿರ ಸಲ ತೆರೆದು ಮುಚ್ಚಿದರೂ ಹರಿಯದೆ ಬಗ್ಗುವುದು ತೊಗಲು, ಅದಕ್ಕಾಗಿಯೇ ಅದು ಅಲ್ಲಿ ಬೇಕು. ಉಳಿದದ್ದಕ್ಕೆ ಬಟ್ಟೆ ಸಾಕು, ಅಬ್ರಿ ಕಾಗದ ಸಾಕು. ಅಬ್ರಿ ಅಂದರೆ ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಕದಡಿ, ಕಾಗದಕ್ಕೆ ಎತ್ತಿಕೊಳ್ಳುವ ಮೋಡದಂಥ ಚಿತ್ತಾರ. ಹದಿನೇಳನೇ ಶತಮಾನದ ಬಿಜಾಪುರದಲ್ಲಿ ಅದರಿಂದ ಆನೆ, ಕುದುರೆಗಳ ಚಿತ್ರವನ್ನೇ ಬರೆದರು. ಮೂಲೆಗೆ ತೊಗಲು, ಅಲ್ಲಿ ಪೆಟ್ಟು ಬೀಳುತ್ತದೆ ಅಂತ.

ಗಿರಾಕಿ ನೋಡುವುದು ಮಾತ್ರ ಚಿನ್ನವನ್ನು. ಅದನ್ನೂ ಹೇಳಿಬಿಡುತ್ತೇನೆ. ಮೊದಲು ಅಚ್ಚನ್ನು ಬೆಚ್ಚಗೆ ಮಾಡಿ ನಸು ಒದ್ದೆಯಾದ ತೊಗಲಿನ ಮೇಲೆ ಬರಿದೇ ಒತ್ತಬೇಕು. ತೊಗಲು ಅಲ್ಲಿ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿ ತಗ್ಗಾಗುತ್ತದೆ. ಆ ತಗ್ಗಿಗೆ ಕೋಳಿಮೊಟ್ಟೆಯ ಬಿಳಿಯನ್ನು ಕಡೆದು, ನೊರೆ ಇಳಿಸಿ, ಕುಂಚದಿಂದ ಎರಡು ಸಲ ಹಚ್ಚಬೇಕು. ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿದ ಹತ್ತಿ ಆಡಿಸಿ ಚಿನ್ನದ ವರಕು ಹಾಸಬೇಕು. ವರಕು ಹಾಸುವಾಗ ಫ್ಯಾನು ಬಂದ್, ಉಸಿರೂ ಬಂದ್. ಈಗ ಅಚ್ಚನ್ನು ಕಾಯಿಸಿ ಒದ್ದೆ ಬಟ್ಟೆಗೆ ತಾಗಿಸಿ ಕಿವಿಗೊಡಬೇಕು. ಚುರ್ ಅಂತ ಒದರಿದರೆ ಕಾವು ಹೆಚ್ಚು, ತೊಗಲು ಸುಡುತ್ತದೆ. ಸದ್ದೇ ಇಲ್ಲವಾದರೆ ಚಿನ್ನ ಹಿಡಿಯುವುದಿಲ್ಲ. ಎರಡರ ನಡುವಿನ ಸಣ್ಣ ಸದ್ದಿಗೆ ಎತ್ತಿ, ಅದೇ ತಗ್ಗಿನಲ್ಲಿ, ಕೂದಲೆಳೆ ಅತ್ತಿತ್ತ ಹೋಗದಂತೆ ಒತ್ತಬೇಕು. ಮೊಟ್ಟೆಯ ಬಿಳಿ ಕಾವಿಗೆ ಬೆಂದು ಚಿನ್ನವನ್ನು ಕಚ್ಚುತ್ತದೆ. ಹೆಚ್ಚಿನ ವರಕು ಬಟ್ಟೆಯಿಂದ ಒರೆಸಿದರೆ ಹೂವು ಮಾತ್ರ ಉಳಿಯುತ್ತದೆ. ಯುರೋಪಿನವರು ಈ ಚಿನ್ನದ ಕೆಲಸ ಕಲಿತದ್ದು ಮುಸಲ್ಮಾನ ನಾಡುಗಳಿಂದ, ಹದಿನೈದನೇ ಶತಮಾನದಲ್ಲಿ, ಇಟಲಿ ಸ್ಪೇನುಗಳ ಕಡೆಯಿಂದ. ಅದನ್ನು ನನಗೆ ಹೇಳಿದ್ದೂ ಚಾಚಾ. ನಾನು ಆಗ ನಂಬಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಆ ಗೃಹಸ್ಥರು ಕೇಳಿದ್ದು: “ರೆಕ್ಸಿನ್ ಹಾಕಿಕೊಡ್ರಿ. ವಚನಕ್ಕ ಚರ್ಮಾ ಅಂದ್ರ ಮನ್ಯಾಗ ಹೆಂಗ್ ಅನ್ನಿಸ್ತದೋ.”

ಇದು ನನಗೆ ಹೊಸದಲ್ಲ. ಜಗಲಿಯ ಮೇಲಿಡುವ ಪುಸ್ತಕಕ್ಕೆ ತೊಗಲು ಬೇಡ ಅನ್ನುವವರು ಬಹಳ ಜನ. ನನ್ನ ಬಾಯಿಗೆ ಮಾತು ಬಂತು. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಇದೆ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದರು, ಬಸವಣ್ಣನವರು ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡರು ಅನ್ನುವ ಕಥೆ ಆ ಊರಿನ ಕೂಸಿಗೂ ಗೊತ್ತು. ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವ ಮನೆತನದವರು. ನುಲಿಯ ಚಂದಯ್ಯನವರು ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದರು, ಅವರ ಗವಿಯೂ ಅಲ್ಲೇ ಇದೆ. ಹದ, ಹೊಲಿಗೆ, ಹುರಿ, ನನ್ನ ಕಸುಬಿನ ಮೂರೂ ಅನುಭವ ಮಂಟಪದಲ್ಲಿ ಕೂತಿದ್ದವು. ಆದರೆ ಗಿರಾಕಿಯ ಮುಂದೆ ಇದನ್ನೆಲ್ಲ ಒದರಿದರೆ ಅದು ಜಗಳವಾಗುತ್ತದೆ, ಅಥವಾ ನಾಚಿಕೆಯಿಂದ ಒಪ್ಪುತ್ತಾರೆ. ನಾಚಿ ಒಪ್ಪಿದವರು ಪುಸ್ತಕವನ್ನು ಮತ್ತೆ ಮುಟ್ಟುವುದಿಲ್ಲ. ನಾನು ಇಷ್ಟೇ ಹೇಳಿದೆ: “ರೆಕ್ಸಿನ್ ಅಂದ್ರ ಬಟ್ಟಿ ಮ್ಯಾಲೆ ಪ್ಲಾಸ್ಟಿಕ್ ರೀ. ಸಂದಿನಾಗ ಹತ್ತು ವರ್ಷಕ್ಕ ಸೀಳ್ತದ. 150 ರೂಪಾಯಿಗೆ ಆಗ್ತದ. ತೊಗಲಿಂದಾದ್ರ 1,200. ಮನ್ಯಾಗ ಕೇಳಿ ಬರ್ರಿ.” ಪುಸ್ತಕ ಅಲ್ಲೇ ಬಿಟ್ಟು ಹೋದರು.

ಮೂರು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಸೋಮವಾರ ಬಂದು ನಗುತ್ತಾ ನಿಂತರು. ಮನೆಯಲ್ಲಿ ಮಾತು ನಡೆಯಿತಂತೆ, ತಮ್ಮ ಬೇಡ ಅಂದನಂತೆ, ಸೊಸೆ ಮೊಬೈಲಿನಲ್ಲಿ ಓದಬಹುದಲ್ಲ ಅಂದಳಂತೆ. ಎಂಬತ್ತು ದಾಟಿದ ಅವರ ತಾಯಿ ಎಲ್ಲ ಕೇಳಿ, “ಭಜನಿ ತಬಲಾಕ್ಕ ಏನ್ ಹಚ್ಯಾರ, ರೆಕ್ಸಿನ್ನಾ?” ಅಂದರಂತೆ. ಅಲ್ಲಿಗೆ ಮುಗಿಯಿತು.

ನಾನು ಕೆಂಪು ಪುಡಿಯನ್ನೆಲ್ಲ ಕುಂಚದಿಂದ ಗುಡಿಸಿದೆ. ಹಳೆಯ ಹೊಲಿಗೆ ಗಟ್ಟಿಯಿದ್ದದ್ದರಿಂದ ಬಿಚ್ಚಲಿಲ್ಲ. ಹರಿದ ಮೊದಲ ಫರ್ಮಾಕ್ಕೆ ಮಾತ್ರ ತೆಳುಕಾಗದ ಹಚ್ಚಿ ಮತ್ತೆ ಹೊಲಿದೆ. ಬೆನ್ನಿಗೆ, ಮೂಲೆಗೆ ಕಂದು ಬಣ್ಣದ ಆಡಿನ ತೊಗಲು. ಐದು ಹುರಿಗಳ ಎರಡೂ ಬದಿ ಎಲುಬಿನ ಪಟ್ಟಿಯಿಂದ ತೀಡಿದೆ, ತೊಗಲು ಒದ್ದೆಯಿರುವಾಗಲೇ ಗೆರೆ ಎದ್ದು ನಿಂತಿತು. ಹೆಬ್ಬೆರಳಿನ ಜಾಗದ ಆ ರೂಪಾಯಿ ಅಗಲದ ಹಳೆಯ ತೊಗಲನ್ನು ಬಿಸಾಡಲು ಮನಸ್ಸಾಗಲಿಲ್ಲ. ಒಳರಟ್ಟಿನ ಮೇಲೆ ಅಂಟಿಸಿದೆ. ಚಿನ್ನ ಬೇಕೇ ಅಂತ ಕೇಳಿದ್ದಕ್ಕೆ ಬೇಡ ಅಂದಿದ್ದರು. ಚಾಚಾನ ಅಚ್ಚುಗಳಲ್ಲಿ ಯಾವುದೂ ಇದಕ್ಕೆ ಒಪ್ಪುವಂತೆ ಕಾಣಲಿಲ್ಲ. ಬೆನ್ನಿನ ತೊಗಲು ಬಟ್ಟೆಯನ್ನು ಕೂಡುವಲ್ಲಿ, ಮೇಲಿಂದ ಕೆಳಗೆ, ಬೆಚ್ಚಗಿನ ಆರಿಯ ತುದಿಯಿಂದ ಒಂದು ಸಾಲು ಚುಕ್ಕಿ ಒತ್ತಿದೆ. ಅಪ್ಪ ಚಪ್ಪಲಿಯ ಅಂಚಿಗೆ ಹಾಕುತ್ತಿದ್ದ ಹೊಲಿಗೆಯ ಅಳತೆಗೇ.

ಪುಸ್ತಕವನ್ನು ನಾನೇ ಬಸವಕಲ್ಯಾಣಕ್ಕೆ ಒಯ್ದು ಕೊಟ್ಟೆ, ಮನೆ ದಾರಿಯಲ್ಲೇ ಇತ್ತು. ಮುದುಕಿ ತಾಯಿ ಪಡಸಾಲೆಯಲ್ಲಿ ಕೂತಿದ್ದರು. ಮಂಡಿಯ ಮೇಲಿಟ್ಟುಕೊಂಡು ನಡುವೆ ತೆರೆದರು. ಪುಟ ಎದ್ದು ಬರಲಿಲ್ಲ, ಹಾಗೇ ಅಂಗಾತ ಮಲಗಿತು. ಕನ್ನಡಕ ಏರಿಸಿ ಎರಡು ಸಾಲು ಬಾಯೊಳಗೇ ಓದಿಕೊಂಡರು, ಮುಚ್ಚಿದರು, ಮತ್ತೆ ತೆರೆದರು.

“ಜಗಲಿ ಮ್ಯಾಲೆ ದೀಪದ ಬಾಜೂಕ ಇಡಬ್ಯಾಡ್ರಿ ಅವ್ವಾರ,” ಅಂದೆ. “ಕಪಾಟಿನಾಗ ಇಡ್ರಿ. ದಿನಾ ತೆರೀರಿ, ಕೈ ಆಡಸ್ರಿ.”

“ಕುಂಕುಮ ಹಚ್ಚಬೌದಿಲ್ಲೋ, ತಮ್ಮಾ?”

“ಬ್ಯಾಡ್ರಿ. ಮುಂದ ಕೆಂಪು ಪುಡಿ ಉದುರಿದ್ರ, ಅದು ಕುಂಕುಮಾನೋ ತೊಗಲೋ ನನಗ ಗೊತ್ತಾಗಂಗಿಲ್ಲ.”